ಎರಡೇ ತುಂಡಿನ ಶಬ್ದ

ನಮ್ಮ ಸೋದರಮಾವ ಮದುವೆ ಊಟಕ್ಕೆ ಕೂತರೂ ಮೊದಲು ಮುರಿಯುವುದು ಹಪ್ಪಳವನ್ನಲ್ಲ, ಇಂಗ್ಲಿಷ್ ಶಬ್ದವನ್ನು! ಹುಮನಾಬಾದಿನಲ್ಲಿ ಮೂವತ್ತು ವರ್ಷ ಟೈಪಿಂಗ್ ಕಲಿಸಿದವರು. ಸಾಲಿನ ಕೊನೆಯಲ್ಲಿ ಶಬ್ದವನ್ನು ಎಲ್ಲಿ ಮುರಿದು ಗೆರೆ ಹಾಕಬೇಕೆಂದು ಹೇಳಿ ಹೇಳಿ, ಯಂತ್ರಗಳು ಗುಜರಿಗೆ ಹೋದ ಮೇಲೂ ಚಟ ಮಾತ್ರ ಉಳಿಯಿತು. ತುಂಡಿಗೊಂದು ಚಪ್ಪಾಳೆ, ಒತ್ತು ಬೀಳುವಲ್ಲಿ ಮೇಜಿಗೊಂದು ಗುದ್ದು. ಅವರ ಮೇಜಿನ ಮೇಲೆ ಚಹಾ ಇಡುವ ಧೈರ್ಯ ಯಾರಿಗಿದೆ ಹೇಳಿ?

ಒಮ್ಮೆ ಅಪ್ಪ ಜೋಳದ ಹೊಲಕ್ಕೆ ಕಳೆನಾಶಕ ತರಲು ಹೋದಾಗ ಮಾಮಾನೂ ಜೊತೆಗಿದ್ದರು. ಅಗಲ ಎಲೆಯ ಕಳೆಗೆ ಅಂಗಡಿಯವನು "ಬ್ರಾಡು ಲೀವುಡು" ಅಂದುಬಿಟ್ಟ!

"ಐದು ತುಂಡು ಎಲ್ಲಿಂದ ತಂದ್ರಿ? ಬ್ರಾಡ್, ಲೀವ್ಡ್. ಎರಡೇ!"

"ಕಳೆ ಸತ್ರ ಸಾಕಲ್ರಿ, ಮಾಸ್ತರ?"

"ಹೆಸರು ಸರಿ ಕರೀದಿದ್ರ ಅದಾದ್ರೂ ಯಾಕ ಸಾಯ್ತದರಿ?"

ನನಗೆ ತೊದಲು. 'ಬ' ಅಂತೂ ಹಗೆ. ಬಸ್ಸಿನಲ್ಲಿ ಬರೀ 'ಕಲ್ಯಾಣ' ಎಂದು ಟಿಕೆಟ್ ಪಡೆದು ಬಸವಕಲ್ಯಾಣದ ಕಾಲೇಜಿಗೆ ಹೋಗುತ್ತಿದ್ದವಳು ನಾನು. ಕೊನೆಯ ವರ್ಷದ ಸೆಮಿನಾರಿಗೆ ಸಿಕ್ಕ ವಿಷಯವೋ, ಬ್ರಾಡ್-ಲೀವ್ಡ್ ಮರಗಳು! ಮಾಮಾ ಒಂದು ವಾರ ನಮ್ಮ ಮನೆಯಲ್ಲೇ ಬೀಡುಬಿಟ್ಟರು.

"ಬೇಟಾ, ಶಬ್ದ ಒಂಟಿ ನಿಂತಾಗ ಒತ್ತು ಲೀವ್ಡ್ ಮ್ಯಾಲ. ಮುಂದ 'ಟ್ರೀ' ಬಂತಂದ್ರ ಒತ್ತು ಓಡಿಹೋಗಿ ಬ್ರಾಡ್ ಮ್ಯಾಲ ಕೂಡ್ತದ."

"ನನಗ ಒತ್ತು ಬ್-ಬ್ಯಾಡ ಮಾಮಾ, ಶಬ್ದ ಹೊರಗ ಬ-ಬಂದ್ರ ಸಾಕು!"

ಸೆಮಿನಾರಿಗೆ ಮನೆಯವರೂ ಬರಬಹುದಿತ್ತು. ಮಾಮಾ ಇಸ್ತ್ರಿ ಮಾಡಿದ ಕೋಟು ತೊಟ್ಟು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಎದ್ದು ನಿಂತೆ. "ಬ್... ಬ್..." ಅಷ್ಟೇ. ತುಟಿ ಬಿಚ್ಚಲಿಲ್ಲ. ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಕಣ್ಣು ತುಂಬಿಬಂತು.

ಆಗ ಹಿಂದೆ ಮಾಮಾ ಎದ್ದರು. "ಮೇಡಂ, ಒಂದು ಸವಾಲ್ ಅದರಿ. ಈ ಬರಾಡು ಲೀವುಡೂ ಅಂದ್ರ ಏನ್ರಿ?"

ಆರು ತುಂಡು! ಒತ್ತು ಬಾಲದ ಮೇಲೆ! ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು, ಮೇಡಂ ಕೂಡ. ಮಾಮಾ ಏನೂ ಅರಿಯದವರಂತೆ ತಲೆ ಕೆರೆಯುತ್ತ ನಿಂತರು.

"ಬ್ರಾಡ್-ಲೀವ್ಡ್, ಮಾಮಾ! ಎರಡೇ!" ಎಂದು ಚೀರಿದೆ. ಚೀರಿದ ಮೇಲೆ ಗೊತ್ತಾಯಿತು, ಶಬ್ದ ಹೊರಗೆ ಬಂದಿತ್ತು. ಉಳಿದದ್ದನ್ನೂ ಎಡವುತ್ತಲೇ ಹೇಳಿ ಮುಗಿಸಿದೆ.

ಮರಳುವಾಗ ಬಸ್ಸಿನಲ್ಲಿ ಕೇಳಿದೆ: "ಅಷ್ಟು ಮಂದಿ ಮುಂದ ಯಾಕ ತಪ್ಪು ಹೇಳಿದ್ರಿ, ಮಾಮಾ?"

ಅವರು ಕಿಟಕಿಯಾಚೆ ನೋಡುತ್ತ ಹೇಳಿದರು: "ನಗೋ ಮಂದಿ ಯಾರನ್ನರ ನೋಡಿ ನಗೋರೇ ಇದ್ರು, ಬೇಟಾ. ನಾ ಹ್ಯಾಂಗೂ ಖಾಲಿ ಕುಂತಿದ್ದೆ."