ಭಾನುವಾರ ಬಾರದ ಹೊಟ್ಟೆನೋವು

ಮೇಷ್ಟ್ರ ಕೆಲಸಕ್ಕೆ ಸೇರಿ ಇಪ್ಪತ್ತೆಂಟು ವರ್ಷ ಆಯ್ತು. ಬೇರೆಯವರಿಗೆ ಬುದ್ಧಿ ಹೇಳೋಕೆ ಎದ್ದು ನಿಂತಾಗಲೆಲ್ಲ ನನಗೆ ಏನಾದರೂ ಒಂದು ಎಡವಟ್ಟು ಆಗಿಯೇ ತೀರುತ್ತೆ. ಈ ವರ್ಷ ಕಿಬ್ಬನಹಳ್ಳಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಮಕ್ಕಳು ಮಕ್ಕಳನ್ನೇ ಗೋಳು ಹುಯ್ಕೊಳ್ಳೋದು, ಮೊಬೈಲಲ್ಲಿ ಆಡಿಕೊಳ್ಳೋದು, ಇದನ್ನೆಲ್ಲ ತಡೆಯೋ ಜವಾಬ್ದಾರಿ ನನ್ನ ತಲೆಗೆ ಬಂತು.

೧. ಲಕ್ಷಣಗಳು

ಪೋಷಕರ ಸಭೆ ಕರೆದೆ. ಮಗು ಸರಿಯಾಗಿ ಊಟ ಮಾಡಲ್ಲ, ಯಾರ ಜೊತೇಲೂ ಸೇರಲ್ಲ, ಫೋನ್ ಸದ್ದಾದರೆ ಬೆಚ್ಚಿ ಬೀಳುತ್ತೆ, ಕೇಳಿದರೆ ಏನಿಲ್ಲ ಅನ್ನುತ್ತೆ; ಹಿಂಗೆಲ್ಲ ಇದ್ದರೆ ಯಾರೋ ಕಾಟ ಕೊಡ್ತಿರಬಹುದು ಅಂತ ತಿಳ್ಕೊಳ್ಳಿ ಅಂತ ಅರ್ಧ ಗಂಟೆ ಕೊರೆದೆ. ಹಿಂದಿನ ಸಾಲಿನ ಒಬ್ಬ ತಾಯಿ ಎದ್ದು ನಿಂತು, ನೀವು ಹೇಳಿದ್ದು ನೂರಕ್ಕೆ ನೂರು ನಿಜ ಸಾರ್, ಎಲ್ಲ ಲಕ್ಷಣಾನೂ ನಮ್ಮನೇಲಿದೆ ಅಂದರು. ಮಗನಾ ಮಗಳಾ ಅಂತ ಕೇಳಿದೆ.

"ಯಜಮಾನ್ರು ಸಾರ್."

೨. ತಾಯಿತ

ಸಭೆ ಮುಗಿದ ಮೇಲೆ ಇನ್ನೊಬ್ಬ ತಾಯಿ ಬಂದರು. ಮಗಳು ಎಂಟನೇ ಕ್ಲಾಸು, ನನ್ನ ವಿದ್ಯಾರ್ಥಿನಿಯೇ. ಹತ್ತು ದಿನದಿಂದ ಶಾಲೆಗೆ ಬಂದಿರಲಿಲ್ಲ. ಬೆಳಿಗ್ಗೆ ಎಂಟಾದರೆ ಸಾಕು, ಹೊಟ್ಟೆನೋವಂತೆ. ಓಮದ ಕಷಾಯ ಕುಡಿಸಿದ್ದರು, ದೃಷ್ಟಿ ತೆಗೆದಿದ್ದರು, ತಿಪಟೂರಿಗೆ ಕರ್ಕೊಂಡು ಹೋಗಿ ಸ್ಕ್ಯಾನಿಂಗೂ ಮಾಡಿಸಿದ್ದರು. ಸ್ಕ್ಯಾನಿಂಗಲ್ಲಿ ಏನೂ ಇರಲಿಲ್ಲ. ಶಾಲೆ ಬಿಡಿಸಿ ಮನೇಲೇ ಇಟ್ಕೋತೀವಿ ಅಂತ ಹೇಳಿ ಹೋಗೋಕೆ ಬಂದಿದ್ದರು. ಚೂಟಿ ಹುಡುಗಿ ಅದು. ಭಾನುವಾರವೂ ನೋವು ಬರುತ್ತಾ ಅಂತ ಕೇಳಿದೆ.

"ಇಲ್ಲ ಸಾರ್. ಶನಿವಾರ ಕಟ್ಸಿದ ತಾಯಿತ ಒಂದಿನ ಚೆನ್ನಾಗಿ ಕೆಲ್ಸ ಮಾಡ್ತು. ಸೋಮವಾರಕ್ಕೆ ಪವರ್ ಹೋಯ್ತು."

೩. ಸ್ಟಿಕ್ಕರ್

ಮಾರನೇ ದಿನ ಅವರ ತೋಟದ ಮನೆಗೇ ಹೋದೆ. ಹುಡುಗಿ ಈಚೆಗೆ ಬರಲಿಲ್ಲ. ಮಗಳನ್ನ ಯಾರಾದರೂ ಆಡಿಕೊಳ್ತಾರಾ ಅಂತ ಅಪ್ಪನನ್ನ ಕೇಳಿದರೆ, ಅವಳಿಗೆ ಶಾಲೇಲಿ ಭಾರಿ ಹೆಸರು ಸಾರ್ ಅಂತ ಹೆಮ್ಮೆಯಿಂದ ಫೋನ್ ತೆಗೆದರು. ವಾಟ್ಸಾಪ್ ಸ್ಟಿಕ್ಕರು. ಪ್ರವಾಸದ ಬಸ್ಸಲ್ಲಿ ಹುಡುಗಿ ಬಾಯಿ ಬಿಟ್ಕೊಂಡು ನಿದ್ದೆ ಮಾಡ್ತಿರೋ ಫೋಟೋ, ಕೆಳಗೆ 'ಅಟ್ಟದ ಕಾಯಿ' ಅಂತ ಬರಹ. ಕೊಬ್ಬರಿ ಆಗಲಿ ಅಂತ ತಿಂಗಳುಗಟ್ಟಲೆ ಅಟ್ಟದ ಮೇಲೆ ಅಲ್ಲಾಡದೆ ಬಿದ್ದಿರುತ್ತಲ್ಲ, ಆ ಕಾಯಿ. ಹುಡುಗರ ಗ್ರೂಪಿಂದ ಹೊರಟು ನಂಟರ ಗ್ರೂಪಿಗೂ ಬಂದಿತ್ತು. ಕೆಳಗೆ ಎಲ್ಲರೂ ನಗ್ತಿದ್ದಾರೆ ನೋಡಿ, ಮಗು ಅಂದ್ರೆ ಅಷ್ಟು ಪ್ರೀತಿ ಅಂದರು. ಆ ಖುಷಿಗೆ ತೆಂಗು ಬೆಳೆಗಾರರ ಗ್ರೂಪಿಗೂ ತಾವೇ ಹಾಕಿದ್ದರು. ಅಲ್ಲಿ ಒಂದಷ್ಟು ಜನ ಕೈ ಮುಗಿದಿದ್ದರು. ಒಬ್ಬರು ಮಾತ್ರ ಎಷ್ಟು ಕ್ವಿಂಟಾಲ್ ಇದೆ ಅಂತ ಕೇಳಿದ್ದರು.

೪. ರಾಶಿ

ಅದು ಪ್ರೀತಿ ಅಲ್ಲ, ಗೇಲಿ ಅಂತ ತಿಳಿಸಿದಾಗ ಪಾಪ, ಆ ಮನುಷ್ಯನ ಮುಖ ಬಾಡಿಹೋಯ್ತು. ಮರುಗಳಿಗೆಗೆ ಸಿಟ್ಟು. ಮಗಳ ಫೋನ್ ಒಡೆದಾಕ್ತೀನಿ, ಇದನ್ನ ಮಾಡಿದ ಹುಡುಗನ ಮನೆ ಮುಂದೆ ಹೋಗಿ ನಿಂತ್ಕೋತೀನಿ ಅಂತ ಎದ್ದರು. ಎರಡೂ ಬೇಡ ಅಂದೆ. ಫೋನಲ್ಲಿರೋದು ಸಾಕ್ಷಿ, ಅಳಿಸಬೇಡಿ. ಫೋನ್ ಕಿತ್ಕೊಂಡರೆ ಅವಳು ಮುಂದೆ ಏನನ್ನೂ ಹೇಳಲ್ಲ. ಮೊದಲು ಅವಳ ಮಾತು ಪೂರ್ತಿ ಕೇಳಿ, ಮಧ್ಯೆ ಬಾಯಿ ಹಾಕಬೇಡಿ. ಸುಮ್ಮನೆ ಕೂತು ಅಭ್ಯಾಸ ಇಲ್ಲ ಸಾರ್ ಅಂದರು.

ಸಂಜೆ ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡು ಕಾಯಿ ಸುಲಿಯೋಕೆ ನಿಂತರಂತೆ. ಅವಳು ಅಳ್ತಾ ಒಂದೊಂದೇ ಹೇಳಿದಳಂತೆ, ಇವರು ಹಲ್ಲು ಕಚ್ಚಿಕೊಂಡು ಒಂದು ರಾಶಿ ಪೂರ್ತಿ ಸುಲಿದರಂತೆ. ಹೆಸರು ಇಟ್ಟೋರು ಯಾರು ಅಂತ ಮಾತ್ರ ಅವಳು ಬಾಯಿ ಬಿಡಲಿಲ್ಲ. ಕೊನೆಗೆ ಅಪ್ಪ, "ನಿಂದೇನೂ ತಪ್ಪಿಲ್ಲ ಕಣವ್ವ, ಊರಿಗೆಲ್ಲ ಹಂಚಿದ್ನಲ್ಲ, ತಪ್ಪು ನಂದು" ಅಂದರಂತೆ. ಬೆಳಿಗ್ಗೆ ತಾಯಿ ಫೋನ್ ಮಾಡಿ ಇದನ್ನೆಲ್ಲ ಹೇಳಿಕೊಂಡು ಅತ್ತರು. ಆಮೇಲೆ ಮೆಲ್ಲಗೆ ಕೇಳಿದರು.

"ನಮ್ಮ ದೊಡ್ಡವನಿಗೂ ಏನಾದ್ರೂ ಕಷ್ಟ ಇದ್ಯಾ ನೋಡಿ ಸಾರ್. ಇನ್ನೊಂದು ರಾಶಿ ಹಂಗೇ ಬಿದ್ದೈತೆ."

೫. ಹೆಸರಿಟ್ಟವರು

ಒಂದು ದಿನ ಬಂದು ನೋಡ್ತೀನಿ ಅಂತ ಹುಡುಗಿ ಒಪ್ಪಿದಳು. ಬಾಗಿಲ ಪಕ್ಕದ ಬೆಂಚಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗೋ ಹಾಗೆ ಕೂತಳು. ನಾನು ಮೈಮೇಲೆ ಬಂದವನ ಥರ ಶುರು ಮಾಡಿದೆ. ಈ ಹೆಸರು ಇಟ್ಟೋರು ಯಾರೇ ಆಗಲಿ, ನಾಳೆ ಅಪ್ಪ ಅಮ್ಮನ್ನ ಕರ್ಕೊಂಡು ಬಂದು ಇವಳ ಮುಂದೆ ನಿಲ್ಲಬೇಕು ಅಂದೆ. ಒಬ್ಬ ಹುಡುಗ ಎದ್ದು, ಫೋಟೋ ತೆಗೆದು ಸ್ಟಿಕ್ಕರ್ ಮಾಡಿದ್ದು ನಾನೇ, ತಪ್ಪಾಯ್ತು ಅಂದ. ಹೆಸರು ಇಟ್ಟಿದ್ದೂ ನೀನೇನಾ ಅಂತ ಗದರಿದೆ. ಅವನು ನೆಲ ನೋಡಿದ.

"ಹೆಸರು ನೀವಿಟ್ಟಿದ್ದು ಸಾರ್. ಅವತ್ತು ವಿಜ್ಞಾನದ ಪೀರಿಯಡ್ಡಲ್ಲಿ ಅವಳು ತೂಕಡಿಸ್ತಿದ್ದಾಗ."

ಜ್ಞಾಪಕ ಬಂತು. ಅಟ್ಟದ ಕಾಯಿ ಇನ್ನೂ ಎದ್ದಿಲ್ವಾ ಅಂದಿದ್ದೆ. ಕ್ಲಾಸೆಲ್ಲ ನಕ್ಕಿದ್ದಕ್ಕೆ ಹಿಗ್ಗಿದ್ದೆ ಕೂಡ. ನಾಚಿಕೆಯಿಂದ ಭೂಮಿಗಿಳಿದುಹೋದೆ. ಅವಳ ಬೆಂಚಿನ ಹತ್ತಿರ ಹೋಗಿ, ತಪ್ಪಾಯ್ತು ಕಣಮ್ಮ, ನಿನ್ನ ನೋವಿಗೆಲ್ಲ ನಾನೇ ಮೂಲ ಅಂದೆ. ಅವಳು ಬ್ಯಾಗು ಕೈಗೆ ತಗೊಂಡಿದ್ದಳು. ಹೋಗೇಬಿಡ್ತಾಳೆ ಅಂದುಕೊಂಡೆ. ಬ್ಯಾಗನ್ನ ಬೆಂಚಿನ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಪರವಾಗಿಲ್ಲ ಸಾರ್. ನಾಳೆ ನಿಮ್ಮಮ್ಮನ್ನ ಕರ್ಕೊಂಡು ಬನ್ನಿ."