ಕಾರಿಗೊಂದು ಮುಟ್ಟಾಳೆ

ಬಂಟ್ವಾಳದಲ್ಲಿರುವ ನನ್ನ ತಮ್ಮ ಲೋಕದಲ್ಲಿ ಹೆದರುವುದು ಒಂದಕ್ಕೇ: ತನ್ನ ಸ್ವಂತ ಕಾರಿಗೆ! ಹೆಬ್ಬಾವನ್ನು ಹಿಡಿದು ಗೋಣಿಗೆ ತುಂಬಿಸಿದ ಗಂಡಸು. ಕಾರಿನೊಳಗೆ ಕುಳಿತನೆಂದರೆ ಪಿಸುಪಿಸು ಮಾತು. ಮಗನನ್ನು ಬೈಯಬೇಕಾದರೆ ಇಳಿದು, ಹಲಸಿನ ಮರದ ಹಿಂದೆ ಹೋಗಿ ಬೈದು ಬರುತ್ತಾನೆ.

ಕಾರು ತೆಗೆಸಿಕೊಟ್ಟವನು ದುಬಾಯಿಯಲ್ಲಿರುವ ಆ ಮಗನೇ. ಕೊಡುವಾಗಲೇ ಅದರ ಹೊಟ್ಟೆಯೊಳಗೆ ಜಿಪಿಎಸ್ ಎಂಬ ಡಬ್ಬಿ ಇಡಿಸಿದ್ದಾನೆ. ಕಳ್ಳ ಕದ್ದರೆ ಸಿಕ್ಕಿಬೀಳಲಿ ಎಂದನಂತೆ. ಕಳ್ಳ ಇದುವರೆಗೆ ಬಂದಿಲ್ಲ. ಸಿಕ್ಕಿಬಿದ್ದದ್ದು ಅಪ್ಪ! ಕಾರು ಎಲ್ಲಿ ನಿಂತರೂ ಮಗನ ಫೋನು ಅಲ್ಲಿ ಬಡಿದುಕೊಳ್ಳುತ್ತದೆ.

ಒಮ್ಮೆ ಶೇಂದಿ ಗಡಂಗಿನ ಎದುರು ನಿಲ್ಲಿಸಿದ. ಲೋಟ ತುಟಿಗೆ ಮುಟ್ಟುವ ಮೊದಲೇ ಮಗನ ಫೋನು.

"ಪಪ್ಪ, ಅಲ್ಲಿ ಎಂತ ಮಾಡ್ತಿದ್ದೀರಿ?"

"ಟಯರ್ ಪಂಚರ್ ಮಗಾ."

"ಮೊನ್ನೆಯೂ ಅಲ್ಲೇ ಅಲ್ವಾ ಪಂಚರ್ ಆದದ್ದು?"

ಟಯರಿಗೂ ಶೇಂದಿಯ ರುಚಿ ಹತ್ತಿದೆ ಎನ್ನಬಹುದಿತ್ತು. ಅಷ್ಟು ಬುದ್ಧಿ ಇವನಿಗೆಲ್ಲಿ?

ಆಕಾಶದಲ್ಲೊಂದು ಕಣ್ಣುಂಟು, ಅದು ನೋಡಿ ಹೇಳುವುದು ಎಂದು ಯಾರೋ ಇವನಿಗೆ ಹೇಳಿದರು. ಬಿಸಿಲಾಗಲಿ ಮಳೆಯಾಗಲಿ, ಮೇಲಿನಿಂದ ಬರುವುದಕ್ಕೆಲ್ಲ ನಮ್ಮ ಗದ್ದೆಯವರ ಮದ್ದು ಒಂದೇ ಅಲ್ಲವೇ? ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ. ಇವನು ಹಾಳೆಗೆ ಹಾಳೆ ಹೊಲಿದು ಕಾರಿಗೇ ಒಂದು ಮುಟ್ಟಾಳೆ ಮಾಡಿ ಕಟ್ಟಿದ! ಸಿದ್ಧಕಟ್ಟೆಯಲ್ಲಿ ಯಾವುದೋ ವೇಷ ಬಂತೆಂದು ಜನ ಎದ್ದು ನಿಂತರಂತೆ. ಅಲ್ಲಿಂದ ಸ್ವಲ್ಪ ಮುಂದೆ ಗಾಳಿಗೆ ಅದು ಹಾರಿಹೋಯಿತು. ಮತ್ತೆ ಫೋನು.

"ಪಪ್ಪ, ದಾರಿ ಮಧ್ಯೆ ಯಾಕೆ ನಿಂತದ್ದು?"

"ನಿನಗೆ ಕಾಣಬಾರದು ಅಂತ ಇಟ್ಟ ಮುಟ್ಟಾಳೆ ಹಾರಿತು ಮಾರಾಯ, ಹೆಕ್ತಾ ಇದ್ದೇನೆ!"

ನಗುವುದಿದ್ದರೆ ಇಲ್ಲಿಗೇ ನಕ್ಕು ಮುಗಿಸಿ. ಅವನಿಗೆ ಮುಚ್ಚಬೇಕಾಗಿದ್ದದ್ದು ಶೇಂದಿಯಲ್ಲ, ತೋಡಾರಿನ ನನ್ನ ಮನೆ. ಬೆಳ್ತಂಗಡಿ ಕಡೆಯ ಹಿರಿಯರ ಜಾಗದ ಪಾಲಿಗೆ ಅವನ ಮಗನಿಗೂ ನನ್ನ ಮಕ್ಕಳಿಗೂ ಕೋರ್ಟಿನಲ್ಲಿ ಕೇಸು. ಅದು ಮುಗಿಯುವವರೆಗೆ ಅತ್ತೆಯ ಮನೆಗೆ, ಎಂದರೆ ನನ್ನ ಮನೆಗೆ, ಹೋಗಬಾರದೆಂದು ಮಗನ ಅಪ್ಪಣೆ. ಕೇಸು ಮುಗಿಯುವ ಮೊದಲು ನಾವಿಬ್ಬರೂ ಮುಗಿಯುತ್ತೇವೆ. ನನಗೂ ಗೊತ್ತು, ತಮ್ಮನಿಗೂ ಗೊತ್ತು.

ಆದರೂ ಒಂದು ದಿನ ಬಂದ. ಚಹಾ ಕುಡಿದು ಹೊರಟರೆ ಕಾರು ಸ್ಟಾರ್ಟ್ ಆಗಲೊಲ್ಲದು. ದುಬಾಯಿಯಲ್ಲಿ ಕುಳಿತು ಬೆರಳಿನಲ್ಲಿ ಒತ್ತಿ ಮಗನೇ ಬಂದ್ ಮಾಡಿದ್ದ! ಫೋನಿನಲ್ಲಿ ಅವನ ಮಾತು ನನಗೂ ಕೇಳಿಸಿತು.

"ಇನ್ನು ಅಲ್ಲಿ ನಿಲ್ಲಿಸುದಿಲ್ಲ ಅಂತ ಹೇಳಿ ಪಪ್ಪ. ಈಗಲೇ ಬಿಡ್ತೇನೆ."

"ನಿಲ್ಲಿಸುದಿಲ್ಲ," ಎಂದ ತಮ್ಮ.

ಕಾರಿಗೆ ಜೀವ ಬಂತು. ಅವನ ಮುಖದ್ದು ಹೋಯಿತು. ಬಸ್ಸಿನಲ್ಲಿ ಬರಲೆಂದರೆ ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ. ಯಾರ ಹತ್ತಿರ ಹೇಳುವುದು? ಕಟ್ಟಿಹಾಕಿದ ದನಕ್ಕಾದರೂ ಹಗ್ಗ ಕಣ್ಣಿಗೆ ಕಾಣುತ್ತದೆ.

ಕೊಟ್ಟ ಮಾತಿಗೆ ಈಗಲೂ ತಪ್ಪಿಲ್ಲ, ನಿಲ್ಲಿಸುವುದಿಲ್ಲ. ಓಡಿಸದಿದ್ದರೆ ಬ್ಯಾಟರಿ ಇಳಿಯುತ್ತದೆ ಎಂದು ಮಗನಿಗೆ ಹೇಳಿ, ಮೂಡುಬಿದಿರೆ ದಾಟಿ ನಮ್ಮ ಒಳರಸ್ತೆಗೆ ಬರುತ್ತಾನೆ. ಹಾರನ್ ಕೇಳಿದರೆ ನಾನು ಗೇಟಿಗೆ ಹೋಗುತ್ತೇನೆ. ಕಾರನ್ನು ಬಸವನಹುಳದ ಹಾಗೆ ತೆವಳಿಸುತ್ತಾನೆ, ಕಿಟಕಿ ಹಿಡಿದು ನಾನು ಪಕ್ಕದಲ್ಲಿ ನಡೆಯುತ್ತೇನೆ. ತಿರುವಿನವರೆಗೆ ನಮ್ಮ ಸಂಸಾರದ ಮಾತು.

"ಊಟ ಆಯ್ತಾ?"

"ಆಯ್ತು. ನಿನ್ನ ಕೆಮ್ಮು ಹೋಯ್ತಾ ಅಕ್ಕ?"

"ಅದು ನನ್ನೊಟ್ಟಿಗೇ ಹೋಗುದು. ನೀನು ರಸ್ತೆ ನೋಡು!"

ಮೊನ್ನೆ ಸುಡುಬಿಸಿಲು. ತಿರುವಿನಲ್ಲಿ ನಾನು ಕೈಬಿಟ್ಟದ್ದೇ, ಕಿಟಕಿಯಿಂದ ಏನೋ ಹಾರಿ ಬಂದು ಕಾಲಬುಡಕ್ಕೆ ಬಿತ್ತು. ನೋಡಿದರೆ ಮುಟ್ಟಾಳೆ. ಕಾರಿನದ್ದನ್ನು ಬಿಚ್ಚಿ, ನನ್ನ ತಲೆಯ ಅಳತೆಗೆ ಹೊಲಿದಿದ್ದ.

"ಹಾಕಿಕೋ ಅಕ್ಕ, ಬಿಸಿಲುಂಟು!"

ಹಾಕಿಕೊಂಡೆ. ಧೂಳು ಇಳಿಯುವವರೆಗೆ ಅಲ್ಲೇ ನಿಂತಿದ್ದೆ. ನಾನು ನಿಂತದ್ದು ಯಾರ ಫೋನಿಗೂ ಗೊತ್ತಾಗಲಿಲ್ಲ.