ಎಮ್ಮೆ ಹಿಂಡುವವಳ ಬಾಣಂತನ

ಗಡಹಿಂಗ್ಲಜದ ನನ್ನ ತವರಿನಲ್ಲಿ ಎಮ್ಮೆ ಹಿಂಡುವ ಕೆಲಸ ನನ್ನದಾಗಿತ್ತು. ಅಪ್ಪನನ್ನು ಹತ್ತಿರ ಬಿಟ್ಟುಕೊಳ್ಳದ, ಅವ್ವನನ್ನು ಒದೆಯುವ ಎಮ್ಮೆ ನನ್ನ ಕೈ ತಾಗಿದರೆ ಸಾಕು, ಕಣ್ಣು ಮುಚ್ಚಿ ಹಾಲು ಬಿಡುತ್ತಿತ್ತು. ಹೊಸದಾಗಿ ಹುಟ್ಟಿದ ಕರುವಿಗೆ ಕೆಚ್ಚಲು ಹಿಡಿಸಬೇಕೆಂದರೆ ಓಣಿಯವರು ನನ್ನನ್ನೇ ಕರೆಯುತ್ತಿದ್ದರು. ಹೀಗಾಗಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ ಅವ್ವ ಹಾಲು ಕುಡಿಸುವ ಬಗ್ಗೆ ಏನೋ ಹೇಳಹೊರಟರೆ ನಾನು ನಕ್ಕುಬಿಟ್ಟೆ.

"ಅದರಾಗೇನ ಕಲಿಯೂದೈತಿ ಬೇ? ಬಾಯಿ ಹಚ್ಚಿದ್ರ ಆತು."

ಮಗ ಹುಟ್ಟಿದ. ಬಾಯಿ ಹಚ್ಚಿದೆ. ಆಗಲಿಲ್ಲ.

ಅವನು ತುದಿಯನ್ನಷ್ಟೇ ಹಿಡಿಯುತ್ತಿದ್ದ, ಎರಡು ಸಲ ಚೀಪುತ್ತಿದ್ದ, ಜಾರಿಬಿಡುತ್ತಿದ್ದ. ಆಮೇಲೆ ತಪ್ಪು ಮನೆಗೆ ಬಂದ ನೆಂಟನಂತೆ ಮುಖ ತಿರುಗಿಸಿ ಅಳುತ್ತಿದ್ದ. ಆ ಎರಡು ಚೀಪಿಗೇ ನನಗೆ ಹೊಲಿಗೆ ಮಿಷನ್ನಿನ ಸೂಜಿಯ ಕೆಳಗೆ ಬೆರಳಿಟ್ಟಂತಾಗುತ್ತಿತ್ತು. ಚರ್ಮ ಒಡೆದು ರಕ್ತ ಜಿನುಗಿತು. ಆದರೂ ನಾನು ಯಾರ ಮುಂದೂ ಬಾಯಿ ಬಿಡಲಿಲ್ಲ. ಓಣಿಯ ಕರುಗಳಿಗೆಲ್ಲ ಹಾಲು ಹಿಡಿಸಿದವಳು ಸ್ವಂತ ಕೂಸಿಗೆ ಸೋತೆನೆಂದು ಹೇಗೆ ಹೇಳಲಿ? ಮಗ ಎದ್ದನೆಂದರೆ, ಕುಡಿಸುವುದನ್ನು ಮುಂದೂಡಲು, ನನಗೆ ತಲೆ ಬಾಚಿಕೊಳ್ಳುವ ತುರ್ತು, ನೀರು ಕುಡಿಯುವ ತುರ್ತು. ಕೂಸು ಸೊರಗಿತು. ಎದೆ ಕಲ್ಲಾಯಿತು. ಮುಟ್ಟಿದರೆ ಕಣ್ಣಲ್ಲಿ ನೀರು.

ಸುದ್ದಿ ಇಚಲಕರಂಜಿ ಮುಟ್ಟಿತು. ಕೈಮಗ್ಗಗಳು ಹೋಗಿ ಪವರ್‌ಲೂಮ್ ಬರುತ್ತಿದ್ದ ಕಾಲ ಅದು. ನನ್ನ ಗಂಡ ಅಲ್ಲಿ ಮಗ್ಗ ನಡೆಸುತ್ತಿದ್ದರು. ರಜೆ ಹಾಕಿ ನಮ್ಮ ಅತ್ತೆಯನ್ನು ಕರೆದುಕೊಂಡು ಎಸ್.ಟಿ. ಬಸ್ಸು ಹತ್ತಿ ಬಂದರು. ಬರುವ ದಾರಿಯಲ್ಲಿ ಕೊಲ್ಹಾಪುರದಲ್ಲಿ ಹಾಲಿನ ಪುಡಿಯ ಡಬ್ಬಿಯನ್ನೂ ಕೊಂಡಿದ್ದರು.

ಬಾಣಂತಿ ಕೋಣೆಯ ಪರದೆಯ ಆಚೆಯಿಂದಲೇ ಗಂಡನ ಉಪದೇಶ ಶುರುವಾಯಿತು.

"ದಾರ ಕಡದ್ರ ನಾವೇನ್ ಮಾಡ್ತೇವಿ? ಗಂಟ ಹಾಕಿ ಮತ್ತ ಮಗ್ಗ ಚಾಲೂ ಮಾಡ್ತೇವಿ. ನೀನೂ ಹಂಗ ಮತ್ತ ಮತ್ತ ಹಚ್ಚು."

"ಆ ಮಗ್ಗ ನಿಮ್ಮ ಎದಿ ಮ್ಯಾಲ ಇಟ್ಕೊಂಡ ಚಾಲೂ ಮಾಡ್ರಿ. ಆಮ್ಯಾಲ ನನಗ ಹೇಳ್ರಿ" ಎಂದೆ. 

ಅತ್ತೆ ಹೊರಸಿನ ಮೇಲೆ ಕುಳಿತು, ಮೂಗಿನ ಮೇಲೆ ಚಾಳೀಸು ಕನ್ನಡಕ ಏರಿಸಿಕೊಂಡು, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವಂತೆ ನನ್ನೆದೆಯನ್ನು ಒತ್ತಿ ನೋಡಿ ತೀರ್ಪು ಕೊಟ್ಟರು.

"ಹಾಲ ಇಲ್ಲ. ನಮ್ಮ ಮನಿತನದಾಗ ಯಾರಿಗೂ ಹಿಂಗ ಆಗಿಲ್ಲ. ಡಬ್ಬಿ ಒಡೀರಿ."

ಅವ್ವನ ಮುಖ ಇಳಿಯಿತು. "ಹಾಲ ಐತ್ರಿ ಅಕ್ಕಾರ. ತುಂಬಿ ಕಲ್ಲಾಗೇತಿ, ಅದಕ್ಕ ಕೂಸಿಗೆ ಹಿಡಿಯಾಕ ಬರವಲ್ದು."

"ಕಲ್ಲಿನ್ಯಾಗ ಎಲ್ಲೀ ಹಾಲ?"

ನನಗೆ ರೇಗಿತು. ಕೂಸು ಸೊರಗುತ್ತಿರುವ ಸಂಕಟ ಒಂದು ಕಡೆ, ತವರಿನ ಮರ್ಯಾದೆ ಇನ್ನೊಂದು ಕಡೆ. "ನೋಡ್ರಿ ಅತ್ತಿ, ಹಾಲ ಐತ್ಯೋ ಇಲ್ಲೋ ತೋರಸ್ತೇನಿ" ಎಂದು ಹೆಬ್ಬೆರಳು, ತೋರುಬೆರಳಿನಿಂದ ಹಿಡಿದು ಒತ್ತಿದೆ. ಏನೂ ಬರಲಿಲ್ಲ. ಅತ್ತೆ ಇನ್ನಷ್ಟು ಬಾಗಿದರು, ಚಾಳೀಸು ಹತ್ತಿರ ತಂದರು. ನಾನು ಹಲ್ಲು ಕಚ್ಚಿ, ಎಮ್ಮೆಗೆ ಹಾಕುವ ಪಟ್ಟನ್ನೇ ಹಾಕಿದೆ.

ಎಮ್ಮೆಯ ಮೊಲೆಯಿಂದ ಒಂದೇ ಧಾರೆ ಬರುತ್ತದೆ. ನಮ್ಮದು ಹಾಗಲ್ಲವೆಂಬುದು ನನಗೆ ಗೊತ್ತಿರಲಿಲ್ಲ. ಒಂದು ಧಾರೆ ಚಾಳೀಸಿಗೆ, ಒಂದು ಮೂಗಿಗೆ, ಒಂದು ಹಣೆಯ ವಿಭೂತಿಗೆ.

"ಅಗ ಬಾಯಿ!" ಎಂದರು ಅತ್ತೆ. ಅವರಿಗೆ ಸಿಟ್ಟು ಬಂದರೆ ಕನ್ನಡ, ಗಾಬರಿಯಾದರೆ ಮರಾಠಿ.

ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು. ಪರದೆಯ ಆಚೆಯಿಂದ ಗಂಡ ಮೆಲ್ಲಗೆ ಕೇಳಿದರು, "ಯವ್ವಾ, ಹಾಲ ಬಂತೇನ?"

"ಬಂತು" ಎಂದರು ಅತ್ತೆ.

ಅವ್ವ ನಗು ನುಂಗಿಕೊಂಡು ಬಟ್ಟಲು ಹಿಡಿದಳು. ಎದೆ ಮೆತ್ತಗಾಗುವವರೆಗೆ ಹಿಂಡಿದೆ, ಈ ಸಲ ನಯವಾಗಿ. ಮಗ ಅಳುತ್ತಿದ್ದ. "ಶಾಂತಾ, ಬಾಯಿ ಅಗಲ ತಗದಾಗ ಒಳಗ ತುಂಬು. ಬರೇ ತುದಿ ಕೊಡಬ್ಯಾಡ" ಎಂದಳು ಅವ್ವ. ಅವನು ಬಾಯಿ ತೆರೆದ, ನಾನು ಅವುಚಿಕೊಂಡೆ. ಹಿಡಿದ. ನೋವಾಯಿತು, ಆದರೆ ಸೂಜಿಯ ನೋವಲ್ಲ. ಅವನ ಗಂಟಲಲ್ಲಿ ಗುಟುಕ್ ಎಂಬ ಸದ್ದು ಕೇಳಿದಾಗ ನಾನು ಅತ್ತುಬಿಟ್ಟೆ. ಅತ್ತೆ ಸೆರಗಿನಿಂದ ಚಾಳೀಸು ಒರೆಸುತ್ತ, "ನಾ ಬರದಿದ್ರ ಹಾಲ ಬರ್ತಿರಲಿಲ್ಲ" ಎಂದರು.

ಆಮೇಲೂ ಎಷ್ಟೋ ಸಲ ಜಾರಿದ, ಎಷ್ಟೋ ಸಲ ಚೀರಿದೆ. ಗಾಯ ನಿಧಾನವಾಗಿ ಮಾಯಿತು, ಕೂಸು ಮೈದುಂಬಿತು. ಅತ್ತೆ, ಗಂಡನ ಜೊತೆ ಪುಡಿಯ ಡಬ್ಬಿಯೂ ಇಚಲಕರಂಜಿಗೆ ಮರಳಿ ಗಂಡನ ಗೆಳೆಯರ ಚಹಾ ಸೇರಿತು.

ಬಾಣಂತನ ಮುಗಿಸಿ ನಾನೂ ಮರಳಿದೆ. ಕೂಸು ನೋಡಲು ಅಲ್ಲಿನ ಓಣಿಯ ಹೆಂಗಸರೆಲ್ಲ ಬಂದರು. ಹಾಲು ಕುಡಿಸಲೆಂದು ಮಗನನ್ನು ತೊಡೆಗೆಳೆದುಕೊಂಡದ್ದೇ ತಡ, ಎಲ್ಲರೂ ಎದ್ದು ಗೋಡೆಗೆ ಸರಿದು ಕುಳಿತರು. ಬಾಣಂತಿಯ ಮೇಲೆ ಎಷ್ಟು ಗೌರವ ಎಂದು ನನಗೆ ಹೆಮ್ಮೆಯಾಯಿತು. ಅಷ್ಟರಲ್ಲಿ ಪಕ್ಕದ ಮನೆಯವಳು ಬಾಗಿಲ ಹತ್ತಿರದಿಂದ ಕೇಳಿಯೇಬಿಟ್ಟಳು:

"ಶಾಂತಕ್ಕಾ, ಇಷ್ಟ ದೂರ ಸಾಕೇನ? ನಾನೂ ಚಾಳೀಸ ಹಾಕ್ಕೊಂಡೇನ್ವಾ."